ಚಿಕ್ಕವನು ಮೊದಲು

"ಇದನ್ನ ಕಂಪ್ಯೂಟರ್ ಅಂತಾರೇನ್ಲಾ? ರಾಗಿ ಮಿಲ್ಲು ಕಣೋ ಇದು!" ಅಮರನಾಥ್ ಮೇಜು ಗುದ್ದಿದ. "ನಾಲ್ಕು ಫ್ಯಾನು, ಒಂದೊಂದೂ ಒಂದೊಂದು ರಾಗ. ಪಕ್ಕದಲ್ಲಿ ಕೂತರೆ ಒಲೆ ಮುಂದೆ ಕೂತಂಗೆ. ಹೊತ್ತಿಸಿದರೆ ಇಡೀ ಅಂಗಡಿ ಲೈಟು ಮಂಕಾಗುತ್ತೆ!"

"ಬೇಡವಾದ್ರೆ ಸುಮ್ನಿರು. ಅದನ್ಯಾಕೆ ಬೈತೀಯ?" ತಮ್ಮ ನಾರಾಯಣ ಅಷ್ಟೇ ಜೋರಾಗಿ ಕೂಗಿದ.

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ, ಮಟಮಟ ಮಧ್ಯಾಹ್ನ. ಮುಳಬಾಗಿಲು ಹೆದ್ದಾರಿ ಪಕ್ಕದ ಗೇಮ್ಸ್ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅಣ್ಣತಮ್ಮ ಐದು ವರ್ಷ ಒಟ್ಟಿಗೆ ನಡೆಸಿದ ಅಂಗಡಿ. ಜಗಳ ಹೊಸದಲ್ಲ. ಆದರೆ ಹೋದ ಗುರುವಾರ ಅಮರನಾಥ್ ಇದ್ದಕ್ಕಿದ್ದಂತೆ, "ಇನ್ನು ನಿನ್ನ ಜೊತೆ ಆಗಲ್ಲ, ಪಾಲು ಮಾಡಿಬಿಡೋಣ" ಎಂದಿದ್ದ.

ನ್ಯಾಯ ಹೇಳಲು ಬೈರಕೂರಿನಿಂದ ಸೋದರಮಾವ ವೆಂಕಟರಾಯಪ್ಪ ಬಂದು ಕೂತಿದ್ದರು. ಮುಂದೆ ತಟ್ಟೆಯಲ್ಲಿ ಎಲೆ ಅಡಿಕೆ. ಅವರ ಕಡೆ ಪದ್ಧತಿ ಒಂದೇ. ದೊಡ್ಡವನು ಪಾಲು ಕಟ್ಟಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಎಲೆ ಎತ್ತಿಕೊಂಡ ಮೇಲೆ ಮಾತು ಬದಲಿಸುವಂತಿಲ್ಲ. ಕಟ್ಟುವವನು ಮೋಸ ಮಾಡದಿರಲಿ ಅಂತ ಹಿರಿಯರು ಮಾಡಿದ ಏರ್ಪಾಡು. ಹೀಗೆ ಅವನ ಕೈ ಕಟ್ಟಿಹಾಕಿದ ಮೇಲೆ ಮೋಸವೆಲ್ಲ ಬಾಯಲ್ಲೇ ನಡೆಯಬೇಕು. ಹಾಗಾಗಿ ಪಾಲು ಕಟ್ಟಿದವನ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಅಮರನಾಥ್ ಕಟ್ಟಿದ್ದು ಎರಡು ಪಾಲು. ಅಂಗಡಿ, ಅದರ ಬಾಡಿಗೆ ಕರಾರು, ಆರು ಸಾಧಾರಣ ಕಂಪ್ಯೂಟರ್ ಸೇರಿ ಒಂದು ಪಾಲು. ಗೋಡೆ ಮೂಲೆಯ ದೊಡ್ಡ ಗೇಮಿಂಗ್ ಕಂಪ್ಯೂಟರ್ ಇನ್ನೊಂದು. ಇದ್ದ ಏಳರಲ್ಲಿ ಅದೊಂದೇ ಹೊಸದು. ಹೋದ ವರ್ಷ ನಾರಾಯಣ ಬೆಂಗಳೂರಿಗೆ ನಾಲ್ಕು ಸಲ ಓಡಾಡಿ, ಒಂದೊಂದೇ ಭಾಗ ಆರಿಸಿ ತಂದು, ತಾನೇ ಜೋಡಿಸಿದ್ದ.

"ಇದು ಹಾಳಾದ್ರೆ ಕೋಲಾರದಲ್ಲೂ ಸಾಮಾನು ಸಿಕ್ಕಲ್ಲ," ಅಮರನಾಥ್ ಬಿಡಲಿಲ್ಲ. "ಎರಡು ವರ್ಷಕ್ಕೆ ಹಳೇದಾಗುತ್ತೆ. ಎತ್ತಿಕೊಂಡು ಹೋಗೋಕೆ ಇಬ್ಬರು ಆಳು ಬೇಕು. ನೀನು ಬಸ್ಸಲ್ಲಿ ಹೊರ್ತೀಯಾ?"

"ಹಳೇದಾದ್ರೆ ಮುಚ್ಚಳ ಬಿಚ್ಚಿ ಆ ಒಂದು ಭಾಗ ಬದಲಾಯಿಸ್ತೀನಿ. ಲ್ಯಾಪ್‌ಟಾಪಲ್ಲಿ ಹಂಗೆ ಮಾಡು ನೋಡೋಣ! ನಿನ್ನ ಆರು ಡಬ್ಬದಲ್ಲಿ ಕಾರ್ ರೇಸ್ ಹಾಕಿದ್ರೆ ಕಾರು ಎತ್ತಿನ ಗಾಡಿ ಆಗುತ್ತೆ. ಇದ್ರಲ್ಲಿ ಚಿತ್ರ ಒಂದು ಕ್ಷಣ ನಿಲ್ಲಲ್ಲ. ಮದುವೆ ವಿಡಿಯೋ ಮಿಕ್ಸಿಂಗು ಅವು ಮೂರು ದಿನ ಎಳೆದ್ರೆ ಇದು ಅರ್ಧ ದಿನಕ್ಕೆ ಮುಗಿಸುತ್ತೆ."

"ಓಹೋ! ಕೋಲಾರಕ್ಕೆ ಹೋಗಿ ಮದುವೆ ವಿಡಿಯೋ ಮಾಡ್ತಾನಂತೆ, ಮಹಾರಾಯ. ಗಿರಾಕಿ ಬಂದು ನಿಂತಿದ್ರೂ ಗೇಮಲ್ಲಿ ಗುಂಡು ಹಾರಿಸ್ಕೊಂಡು ಕೂತಿರೋನು!"

ನಾರಾಯಣನ ಮುಖ ಕೆಂಪಗಾಯಿತು. ಮೂರು ದಿನದಿಂದ ಅವನು ಕೋಲಾರದಲ್ಲಿ ಸ್ಟುಡಿಯೋಗಳ ಬಾಗಿಲು ತಟ್ಟಿ ಬಂದಿದ್ದ. ಒಬ್ಬರು ಒಪ್ಪಿದ್ದರು. ಮಿಷನ್ ನಿನ್ನದಾದರೆ ನಾಳೆಯೇ ಬಾ ಎಂದಿದ್ದರು. ಅದಿಲ್ಲದಿದ್ದರೆ ಅವನಿಗೆ ಆ ಕೆಲಸವೂ ಇಲ್ಲ, ಈ ಅಂಗಡಿ ಬಿಟ್ಟರೆ ಬೇರೆ ಗತಿಯೂ ಇಲ್ಲ.

"ಅಂಗಡಿ ತಗೊಳ್ಳೋ," ಅಮರನಾಥ್ ಒಂದು ಹೆಜ್ಜೆ ಮುಂದೆ ಬಂದ. "ಬಸ್ಸಿಂದ ಇಳಿದ್ರೆ ಎದುರಿಗೇ ಸಿಕ್ಕೋ ಜಾಗ. ಕಣ್ಣು ಮುಚ್ಕೊಂಡು ಕೂತ್ರೂ ಊಟಕ್ಕೆ ಮೋಸ ಇಲ್ಲ. ಬುದ್ಧಿ ಇದ್ದೋನು ಅಂಗಡಿ ತಗೋತಾನೆ. ಆ ಫ್ಯಾನಿನ ಪೆಟ್ಟಿಗೆ ನಂಗಿರಲಿ."

ನಾರಾಯಣ ನಕ್ಕ. ಆ ನಗೆಯಲ್ಲಿ ಹಲ್ಲು ಮಾತ್ರ ಇತ್ತು.

"ನೋಡಿದ್ಯಾ ಮಾವ? ಒಂದು ಗಂಟೆಯಿಂದ ಬೈದಿದ್ದೇ ಬೈದಿದ್ದು. ಕೊನೆಗೆ 'ನಂಗಿರಲಿ' ಅಂತಾನೆ! ನಾನು ಜೋಡಿಸಿದ್ದನ್ನ ನುಂಗೋಕೆ ಇಷ್ಟು ನಾಟಕ. ಥೂ, ನೀನೊಬ್ಬ ಅಣ್ಣ!"

"ಬಾಯಿ ಮುಚ್ಚಲೇ!"

"ಮುಚ್ಚಲ್ಲ. ನಂಗೆ ಆ ಮಿಷನ್ನೇ ಬೇಕು. ನಿನ್ನ ಅಂಗಡಿ ನೀನೇ ಇಟ್ಕೊಂಡು ಸಾಯಿ."

ತಟ್ಟೆಯಿಂದ ಎಲೆ ಅಡಿಕೆ ಎತ್ತಿ ಜೇಬಿಗೆ ಹಾಕಿಕೊಂಡ. ವೆಂಕಟರಾಯಪ್ಪ ನಿಟ್ಟುಸಿರು ಬಿಟ್ಟರು. ಮಾತು ಮುಗಿಯಿತು.

"ಹಾಳಾಗಿ ಹೋಗು!" ಅಮರನಾಥ್ ಕಿರುಚಿದ. ಕೌಂಟರಿನ ಹಿಂದಿನಿಂದ ರಟ್ಟಿನ ಡಬ್ಬವೊಂದನ್ನು ಕಾಲಲ್ಲಿ ತಮ್ಮನ ಕಡೆ ತಳ್ಳಿದ. ದೊಡ್ಡ ಮಿಷನ್ ಹಿಡಿಯುವಷ್ಟೇ ಅಳತೆಯದು. ಒಳಗೆ ನಾಲ್ಕೂ ಕಡೆ ಥರ್ಮಾಕೋಲು ಕತ್ತರಿಸಿ ಕೂರಿಸಿತ್ತು, ಹಗ್ಗವೂ ಇತ್ತು. ನಾರಾಯಣ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ವೈರು ಕಿತ್ತ, ತುಂಬಿದ, ಕಟ್ಟಿದ. ಆಟೋದವನನ್ನು ಕೂಗಿ ಕರೆದ.

ಬಾಗಿಲಲ್ಲಿ ಒಂದು ಗಳಿಗೆ ನಿಂತ.

"ಇವತ್ತಿಗೆ ನಂಗೆ ಅಣ್ಣ ಇಲ್ಲ."

"ನಂಗೂ ತಮ್ಮ ಇಲ್ಲ, ಹೋಗಲೇ!"

ಆಟೋ ಹೊರಟಿತು. ಆ ಬಾಗಿಲನ್ನು ನಾರಾಯಣ ಮತ್ತೆಂದೂ ದಾಟಲಿಲ್ಲ.

ವೆಂಕಟರಾಯಪ್ಪ ಟವಲು ಕೊಡವಿ ಎದ್ದರು. ಅವರಿಗೂ ಸಿಟ್ಟು ಬಂದಿತ್ತು. "ಏಮಿರಾ ಅಮರ, ಅಷ್ಟು ಆಸೆ ಇದ್ದಿದ್ರೆ ಬಾಯಿ ಮುಚ್ಕೊಂಡಿರಬಾರದಿತ್ತೇ? ನಿನ್ನ ನಾಲಿಗೆಯಿಂದ್ಲೇ ಒಳ್ಳೇ ಮಾಲು ಹೋಯ್ತು. ಒಡಹುಟ್ಟಿದೋನೂ ಹೋದ."

ಅಮರನಾಥ್ ಷಟರ್ ಪೂರ್ತಿ ಎಳೆದು, ಅದಕ್ಕೆ ಬೆನ್ನು ಕೊಟ್ಟು ಕೆಳಗೆ ಕೂತ.

"ರಸ್ತೆ ಅಗಲ ಮಾಡೋಕೆ ಬರೋ ತಿಂಗಳು ಈ ಸಾಲು ಪೂರ್ತಿ ಒಡೀತಾರಂತೆ ಮಾವ, ಹೋದ ಸೋಮವಾರ ಕಟ್ಟಡದ ಮಾಲೀಕ ಬಂದು ಹೇಳಿ ಹೋದ. ಆ ಕತ್ತೆಗೆ ಗೊತ್ತಾಗಿದ್ರೆ ಕೋಲಾರದ ಕೆಲಸ ಬಿಟ್ಟು, ಆ ಮಿಷನ್ನೂ ಮಾರಿ, ನನ್ನ ಜೊತೆ ಬೀದೀಲಿ ನಿಂತಿರೋನು."