ಬಾನೆಟ್ ಕೆಳಗಿನ ವೈರು

"ಇದೂ ಒಂದು ಕಾರ್ಟೂನೇನೇ? ಬರೀ ಕಿರುಚಾಟ, ಬರೀ ಹೊಡೆದಾಟ!" ಮಗಳು ಬಿಂದುಶ್ರೀಯ ಕೈಯಲ್ಲಿದ್ದ ಮೊಬೈಲ್ ನೋಡಿ ಆಶಾ ಶುರುಹಚ್ಚಿಕೊಂಡಳು. "ನಮ್ ಕಾಲದಲ್ಲಿ ವಾರಕ್ಕೊಂದೇ ಸಲ, ಭಾನುವಾರ ನಾಲ್ಕು ಗಂಟೆಗೆ. ಒಂದು ನಾಯಿ, ಒಂದು ಬಾತುಕೋಳಿ, ಎಷ್ಟು ಚೆಂದ ಇರ್ತಿತ್ತು! ಅದಕ್ಕೆ ವಾರವೆಲ್ಲಾ ಕಾಯ್ತಿದ್ವಿ."

ಎದುರಿನ ಕುರ್ಚಿಯಲ್ಲಿ ಸೋಮಯ್ಯ ಕಾಫಿ ಕುಡಿಯುತ್ತಿದ್ದ. ಹೊಂಗಡಹಳ್ಳದಲ್ಲಿ ಆಶಾಳ ತವರಿನ ಜೀಪು ಓಡಿಸಿಯೇ ಮುದುಕನಾದವನು. ಮೊಮ್ಮಗಳ ಮದುವೆಗೆ ಕರೆಯಲೆಂದು ಬಸ್ಸು ಹತ್ತಿ ಬೆಳಗೋಡಿಗೆ ಬಂದಿದ್ದ.

"ಭಾನುವಾರ ಕರೆಂಟ್ ಹೋದ್ರೆ?" ಎಂದಳು ಬಿಂದು.

ಹಾಳಾದ್ದು, ಮಕ್ಕಳಿಗೆ ಇಂಥ ಪ್ರಶ್ನೆಗಳೇ ಹೊಳೆಯುವುದು! ಆಶಾಳ ಕಣ್ಣು ಸೋಮಯ್ಯನತ್ತ ಹೊರಳಿತು. ಮೂವತ್ತು ವರ್ಷದಿಂದ ಸೋಮಯ್ಯ ಎದುರಾದಾಗಲೆಲ್ಲ ತಲೆ ತಗ್ಗಿಸಿಕೊಂಡು ದಾಟಿಹೋಗುತ್ತಿದ್ದವಳು ಅವಳು. ಮನೆ ಹುಡುಕಿಕೊಂಡು ಬಂದು ಮದುವೆಗೆ ಕರೆದವನ ಮುಂದೆ ಇನ್ನೆಷ್ಟು ದಿನ ನುಂಗಿಕೊಂಡಿರುವುದು?

"ಹೇಳ್ಬಿಡ್ತೀನಿ ಸೋಮಣ್ಣ. ಆಗ ಜೀಪು ಕೆಟ್ಟಿತ್ತಲ್ಲ, ಅದರ ಹಿಂದಿನ ದಿನ ಭಾನುವಾರ ಕರೆಂಟ್ ಹೋಗಿತ್ತು. ಅಪ್ಪ ಅಮ್ಮ ಕಾಫಿ ಕೊಯ್ಲಲ್ಲಿದ್ರು. ನಮ್ಮ ಪುಟ್ಟ ಟಿವಿ ಬ್ಯಾಟರಿಗೂ ಓಡ್ತಿತ್ತಲ್ಲ? ಕಿಟಕಿ ಪಕ್ಕ ನಿಂತಿದ್ದ ಜೀಪಿನ ಬಾನೆಟ್ ಎತ್ತಿ, ಬ್ಯಾಟರಿಯಿಂದ ವೈರ್ ಎಳೆದವಳು ನಾನೇ. ಕಾರ್ಟೂನ್ ಆಯ್ತು, ಆಮೇಲೆ ಸಿನಿಮಾನೂ ನೋಡ್ದೆ, ಟಿವಿ ತಾನಾಗೇ ಕಪ್ಪಾಗೋ ತನಕ. ಅಪ್ಪನ ದನಿ ಕೇಳ್ತು, ವೈರನ್ನೆಲ್ಲ ಬಾನೆಟ್ ಒಳಗೇ ತುರುಕಿ ಮುಚ್ಚಿಬಿಟ್ಟೆ."

ಮರುದಿನ ಬೆಳಿಗ್ಗೆ ಜೀಪು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಿರಲಿಲ್ಲ. ರಾತ್ರಿಯೆಲ್ಲ ಹೆಡ್‌ಲೈಟ್ ಉರಿಸಿಟ್ಟಿದ್ದೀಯ ಎಂದು ಅಪ್ಪ ಶಾಂತಮಲ್ಲಪ್ಪ ಆಳುಗಳ ಮುಂದೆಯೇ ಸೋಮಯ್ಯನ ಮಾನ ಕಳೆದಿದ್ದರು. ಕೀ ಕಿತ್ತುಕೊಂಡು, ಕೊಯ್ಲು ಮುಗಿಯುವ ತನಕ ಕಣದಲ್ಲಿ ಕಾಫಿ ಹರವುವ ಕೆಲಸಕ್ಕೆ ಹಾಕಿದ್ದರು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ನೋಡಿದ ಹತ್ತು ವರ್ಷದ ಆಶಾ ತುಟಿ ಪಿಟಕ್ಕೆನ್ನಲಿಲ್ಲ.

"ತಪ್ಪಾಯ್ತು ಸೋಮಣ್ಣ," ಎಂದವಳ ಕಣ್ಣು ತುಂಬಿತು.

ಸೋಮಯ್ಯ ಲೋಟ ಕೆಳಗಿಟ್ಟು ನಕ್ಕುಬಿಟ್ಟ. "ಅಯ್ಯೋ ಬುಡ್ರಮ್ಮ! ಅದು ನಂಗೆ ಅವತ್ತೇ ಗೊತ್ತಿತ್ತು. ಬಾನೆಟ್ ಎತ್ತುದ್ರೆ ವೈರು ಅಲ್ಲೇ ಐತೆ! ಸಾವ್ಕಾರ್ರು ಹತ್ರ ಬರೋದ್ರೊಳಗೆ ಕಿತ್ತು ಜೇಬಿಗೆ ಹಾಕ್ಕೊಂಬುಟ್ಟೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳುದ್ರೆ ನಿಮ್ ಬೆನ್ ಮೇಲೆ ಬಾಸುಂಡೆ, ಟಿವಿನೂ ಬಂದ್. ಆಮೇಲೆ ನಾನೆಲ್ಲಿಗೋಗ್ಲಿ? ಆ ನಾಯಿ ಬಾತುಕೋಳೀನ ಕಿಟಕಿ ಹೊರಗೆ ನಿಂತ್ಕಂಡು ನಾನೂ ನೋಡ್ತಿದ್ನಲ್ಲ! ಅವತ್ತೊಂದಿನ ಪಾಳ್ಯದ್ ಸಂತೆಗೋಗಿ ತಪ್ಪೋಯ್ತು ಅಷ್ಟೇ."

ಆಶಾ ಅಳುತ್ತಲೇ ನಕ್ಕಳು. ಅಬ್ಬ, ಮೂವತ್ತು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಲೋಟ ಕಾಫಿ ತರುತ್ತೇನೆಂದು ಎದ್ದಳು.

ಬಿಂದು ಮೊಬೈಲನ್ನು ಮುದುಕನತ್ತ ಚಾಚಿದಳು. "ತಾತ, ಇದ್ನ ನೋಡ್ತೀರಾ? ಅಮ್ಮಂಗೆ ಇಷ್ಟ ಇಲ್ಲ."

ಸೋಮಯ್ಯ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. "ಹಾಕವ್ವ, ಕಿರುಚುದ್ರೆ ಕಿರುಚ್ಲಿ. ಈ ಸಲ ಒಳಗೆ ಕೂತ್ಕಂಡು ನೋಡ್ತೀನಿ."