ಮುಂದಿನ ಸೀಟು

ಪಿಕಪ್ಪಿನ ಇಂಜಿನ್ ಆರಿಸುವ ಮೊದಲೇ ತೊಂಗ್‌ದಿ ಕಿಟಕಿಯಿಂದ ತಲೆ ಹೊರಹಾಕಿದ.

"ಹೆಂಡತಿಗೆ ಗೊತ್ತಾಗಬಾರದು."

ಪ್ರಯೂನ್‌ಗೆ ನಗು ಬಂತು. ಥಾಯ್ಲೆಂಡಿನ ಯಸೋತೋನ್ ಪೇಟೆಯ ಅಂಚಿನಲ್ಲಿ ಗಾಡಿಗಳಿಗೆ ಸ್ಪೀಕರ್ ಕೂರಿಸುವ ಅಂಗಡಿ ಅವನದು. ಹದಿನೆಂಟು ವರ್ಷದಲ್ಲಿ ಈ ಮಾತನ್ನು ಎಷ್ಟು ಗಂಡಸರ ಬಾಯಲ್ಲಿ ಕೇಳಿದ್ದಾನೋ. ಆದರೆ ಅವರೆಲ್ಲ ಹೊಸದಾಗಿ ಮದುವೆಯಾದವರು. ತೊಂಗ್‌ದಿಗೆ ಅರವತ್ತೆಂಟು. ವಾರಕ್ಕೆ ಮೂರು ದಿನ ಅಲಸಂದೆ, ಕುಂಬಳ ತುಂಬಿಕೊಂಡು ಸಂತೆಗೆ ಹೋಗುವ ಮನುಷ್ಯ.

"ಏನು ದೊಡ್ಡಪ್ಪ, ಈ ವಯಸ್ಸಲ್ಲಿ ಊರು ನಡುಗಿಸೋ ಆಸೆ?"

"ನಡುಗೋದೇನೂ ಬೇಡ. ಅಕ್ಷರ ಅಕ್ಷರ ಬಿಡಿಸಿ ಕೇಳಿಸಬೇಕು. ಹಳೇ ಸ್ಟೀರಿಯೋ ಮಾತ್ರ ಇದ್ದಲ್ಲೇ ಇರಲಿ. ಅದರ ಮೇಲಿನ ಧೂಳೂ ಅಲ್ಲಾಡಬಾರದು."

ಕಂಪನಿಯಿಂದ ಬಂದ ಸ್ಟೀರಿಯೋ ಅದು. ಗುಂಡಿಯ ಮೇಲಿನ ಅಂಕಿಗಳು ಅರ್ಧ ಸವೆದಿದ್ದವು. ಅದನ್ನು ಉಳಿಸಿಕೊಂಡೇ ದನಿ ಬದಲಿಸುವುದು ಪ್ರಯೂನ್‌ಗೆ ಹೊಸದಲ್ಲ. ಅದರ ಬೆನ್ನಿನ ತಂತಿಗಳಿಂದಲೇ ದನಿ ಎಳೆದು, ಸೀಟಿನ ಹಿಂದೆ ಅಡಗಿಸಿದ ಆಂಪ್ಲಿಫೈಯರಿಗೆ ಕೊಡುವುದು. ಬಾಗಿಲುಗಳ ಹಳೇ ಜಾಲರಿಯ ಒಳಗೆ ಹೊಸ ಸ್ಪೀಕರ್ ಕೂರಿಸುವುದು. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗದು.

ಬಾಗಿಲಿನ ಹಲಗೆ ಬಿಚ್ಚುತ್ತಾ ಅವನು ಮತ್ತೆ ಕೆಣಕಿದ. ದೊಡ್ಡಮ್ಮ ಅಷ್ಟೊಂದು ಜೋರೇ, ಸಿಕ್ಕಿಬಿದ್ದರೆ ಊಟ ಇಲ್ಲವೇ, ಅಂಗಡಿಯಲ್ಲೊಂದು ಚಾಪೆ ಹಾಸಿಡಲೇ ಎಂದ. ತೊಂಗ್‌ದಿ ನಗಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಅವಳ ಕಿವಿ ಮಂದ ಆಗ್ತಿದೆ ಕಣಪ್ಪ."

ಕಳೆದೊಂದು ವರ್ಷದಿಂದ ಹೀಗಂತೆ. ಗಾಡಿ ಹೊರಟು ಗದ್ದೆ ದಾಟುವಷ್ಟರಲ್ಲಿ ಹೆಂಡತಿ ಲಮೈ ಸ್ಟೀರಿಯೋದ ದನಿಯ ಗುಂಡಿಯನ್ನು ಇಪ್ಪತ್ತೆಂಟಕ್ಕೆ ತಿರುಗಿಸುತ್ತಾಳೆ. ಅದಕ್ಕೆ ಹಳೇ ಸ್ಪೀಕರು ಹರಿದ ತಮಟೆಯ ಹಾಗೆ ಕಿರುಚುತ್ತದೆ. ತೊಂಗ್‌ದಿ ಪಕ್ಕದಲ್ಲಿ ಏನೇ ಅಂದರೂ ಅವಳು ಕಿಟಕಿಯಾಚೆ ನೋಡುತ್ತಾಳೆ. ಸೋಂಗ್‌ಕ್ರಾನ್ ಹಬ್ಬ ಕಳೆದ ಮೇಲಂತೂ ಪಕ್ಕದಲ್ಲಿ ಕೂರುವುದನ್ನೇ ಬಿಟ್ಟಿದ್ದಾಳೆ. ಹಿಂದೆ ಅಲಸಂದೆ ಬುಟ್ಟಿಗಳ ನಡುವೆ, ತಲೆಗೆ ಬಟ್ಟೆ ಸುತ್ತಿಕೊಂಡು ಕೂರುತ್ತಾಳೆ. ಯಾಕೆ ಅಂದರೆ ಗಾಳಿ ಚೆನ್ನಾಗಿದೆ ಅನ್ನುತ್ತಾಳೆ. ಮಳೆ ಬಂದ ದಿನವೂ ಗಾಳಿ ಚೆನ್ನಾಗಿಯೇ ಇತ್ತಂತೆ.

"ನಲವತ್ತೊಂದು ವರ್ಷ ಆ ಸೀಟು ಅವಳದ್ದು," ಎಂದ ತೊಂಗ್‌ದಿ. "ಈಗ ಅಲ್ಲಿ ಕುಂಬಳಕಾಯಿ ಕೂರಿಸ್ಕೊಂಡು ಹೋಗ್ತೀನಿ."

ಆಸ್ಪತ್ರೆಗೆ ಹೋಗೋಣ ಎಂದರೆ ಮುಖ ಊದಿಸಿಕೊಳ್ಳುವ ಹೆಂಗಸು. ಕಣ್ಣೆದುರು ಹೊಸ ಪೆಟ್ಟಿಗೆ ಕಂಡರೆ, ಇದು ತನ್ನ ಕಿವಿಗೋಸ್ಕರ ಎಂದು ಆ ಕ್ಷಣಕ್ಕೇ ಹೊಳೆದುಬಿಡುತ್ತದೆ. ಆಮೇಲೆ ಮುಂದಿನ ಸೀಟಿಗೆ ಅವಳು ಬರುವುದು ಸುಳ್ಳು.

ಪ್ರಯೂನ್ ಕೆಣಕುವುದನ್ನು ನಿಲ್ಲಿಸಿದ. ವಿಹಾರದಲ್ಲಿ ಅಜ್ಜ ಪಠಿಸುತ್ತಿದ್ದ, ಮುಪ್ಪಿನಲ್ಲಿ ಕಣ್ಣು ಕಿವಿ ಬಾಡುತ್ತವೆ ಎನ್ನುವ ಗಾಥೆಗಳನ್ನು ಕೇಳುತ್ತಲೇ ಅವನು ದೊಡ್ಡವನಾದದ್ದು. ಕಿವಿ ಬಾಡುವುದು ಎಂದರೇನು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆವತ್ತು ಬೇರೆ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದ. ಹನ್ನೆರಡರ ಅಂಕಿಯಲ್ಲೇ ಹಳೇ ಇಪ್ಪತ್ತೆಂಟಕ್ಕಿಂತ ಹೆಚ್ಚು ದನಿ ಬರುವಂತೆ, ಒಂದಕ್ಷರವೂ ಒಡೆಯದಂತೆ ಹದ ಮಾಡಿದ.

ಮಧ್ಯಾಹ್ನ ರೇಡಿಯೋ ಹಚ್ಚಿದರು. ಲಾಮ್ ಎಂಬ ಜನಪದ ಹಾಡಿನ ಹಾಡುಗಾತಿಯೊಬ್ಬಳು ಗಾಡಿಯೊಳಗೇ ಬಂದು ಕೂತಂತಾಯಿತು. ತೊಂಗ್‌ದಿ ಕಣ್ಣು ಮುಚ್ಚಿ ತಾನೂ ದನಿ ಕೂಡಿಸಿದ. ಹೋದ ವರ್ಷ ಊರಿನ ಹಾಡಿನ ತಂಡಕ್ಕೆ ಸೇರಿದ ಮೇಲೆ ಗಾಡಿ ಓಡಿಸುವಾಗಲೂ ಬಾಯಿಗೆ ಬಿಡುವೇ ಇಲ್ಲ ಎಂದು ನಡುವೆ ಹೆಮ್ಮೆಯಿಂದ ಹೇಳಿಕೊಂಡ. ನೆರಳಲ್ಲಿ ಮಲಗಿದ್ದ ನಾಯಿ ಎದ್ದು ಪಕ್ಕದಂಗಡಿಗೆ ಹೋಯಿತು. ಹಾಡುವವರ ನಡುವೆ ಬಾಯಿ ಹಾಕಬಾರದೆಂದು ಕಲಿತಿದ್ದ ಪ್ರಯೂನ್, ಚರಣ ಮುಗಿಯುವವರೆಗೆ ಸ್ಕ್ರೂ ಹುಡುಕುತ್ತಿದ್ದ.

"ದೊಡ್ಡಮ್ಮ ಬಂದು ಕೇಳಿದ್ರೆ?" ಎಂದ ಆಮೇಲೆ. "ನಾನು ಪಂಚಶೀಲ ಹಿಡಿದವನು. ಸುಳ್ಳು ಬರಲ್ಲ."

"ಸುಳ್ಳು ಹೇಳು ಅಂದ್ನಾ? ಹಲ್ಲು ನೋವು ಅಂತ ಬಾಯಿ ಹಿಡ್ಕೊ."

"ಅದೂ ಸುಳ್ಳೇ ಅಲ್ವಾ ದೊಡ್ಡಪ್ಪ?"

"ಬಾಯಿ ಹಿಡ್ಕೊ ಅಂದೆ. ಮಾತಾಡು ಅನ್ನಲಿಲ್ಲ."

ಹತ್ತು ದಿನ ಕಳೆದು, ಬೆಳಗಿನ ಹೊತ್ತು, ಲಮೈ ಒಬ್ಬಳೇ ಅಂಗಡಿಗೆ ಬಂದಳು. ಗಂಡ ಡೀಸೆಲ್ ಹಾಕಿಸಲು ಹೋಗಿದ್ದಾನೆ, ಈಗ ಬರುತ್ತಾನೆ ಎಂದಳು. ಪ್ರಯೂನ್‌ನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಇವಳೊಂದು ಮಾತು ಕೇಳಿದರೆ ಆ ಮುದುಕನ ಪಕ್ಕದ ಸೀಟು ಮತ್ತೆ ಕುಂಬಳಕಾಯಿಗೇ.

ಅವಳು ಒಳಗೆ ಕಾಲಿಡುತ್ತಲೇ ನಿಂತು, ತಲೆ ವಾರೆ ಮಾಡಿದಳು.

"ನಿನ್ನ ಗಾಳಿ ಪಂಪು ಎಲ್ಲೋ ಸೋರ್ತಿದೆ ಕಣಪ್ಪ. ಕೇಳಿಸ್ತಿಲ್ವಾ?"

ಪಂಪು ಅಂಗಡಿಯ ಆ ತುದಿಯಲ್ಲಿತ್ತು. ಪ್ರಯೂನ್ ಹೋಗಿ ಕೊಳವೆಗೆ ಕಿವಿಯಿಟ್ಟ. ಕೂದಲೆಳೆಯಂಥ ಸೀಳಿನಿಂದ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ ಗಾಳಿ ಹೊರಡುತ್ತಿತ್ತು. ಅವನು ಹಿಂತಿರುಗಿ ಅವಳನ್ನು ನೋಡಿದ. ಕೆನ್ನೆ ಮೇಲಿನ ಕೈ ಕೆಳಗಿಳಿಯಿತು.

ಲಮೈ ಅಲಸಂದೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟಳು. ನೀನು ಏನು ಮಾಡಿದ್ದೀಯೋ ನಾನು ಕೇಳುವುದಿಲ್ಲ, ನಾನು ಬಂದಿದ್ದೆ ಎಂದು ಅವರಿಗೂ ಹೇಳಬೇಡ ಎಂದಳು. ಈಗ ವಾರದಿಂದ ಮುಂದಿನ ಸೀಟಿನಲ್ಲೇ ಕೂರುತ್ತಿದ್ದಾಳಂತೆ.

"ಹಾಡು ಚೆನ್ನಾಗಿ ಕೇಳಿಸುತ್ತಾ ದೊಡ್ಡಮ್ಮ?" ಎಂದು ಕೇಳಿದ ಪ್ರಯೂನ್.

ಅವಳು ರಸ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ರೇಡಿಯೋದ್ದು ಚೆನ್ನಾಗಿ ಕೇಳಿಸುತ್ತೆ. ನಿನಗೆ ಪುಣ್ಯ ಬರಲಿ ಮಗ, ನಮ್ಮನೆಯವರದು ಈಗ ಒಂದಕ್ಷರವೂ ಕೇಳಿಸಲ್ಲ."