ಉಗರಗೋಳ ಕ್ರಾಸಿನ ಕೂಗು

ಅವನು ಅವಳ ರಟ್ಟೆ ಹಿಡಿದು ದರದರ ಎಳೆಯುತ್ತಿದ್ದ. ಅವಳ ಒಂದು ಚಪ್ಪಲಿ ಆಗಲೇ ರಸ್ತೆಯ ನಡುವೆ ಉಳಿದುಹೋಗಿತ್ತು. ಎದುರಿಗೆ ಬಾಗಿಲು ತೆರೆದ ಬಿಳಿ ವ್ಯಾನು ನಿಂತಿತ್ತು.

ಮಟಮಟ ಮಧ್ಯಾಹ್ನ. ಉಗರಗೋಳ ಕ್ರಾಸಿನಲ್ಲಿ ಮಂದಿಗೇನೂ ಕಡಿಮೆ ಇರಲಿಲ್ಲ. ಚಹಾದಂಗಡಿಯ ನೀಲಪ್ಪ ನೋಡಿದ. ಟಂಟಂ ಆಟೋದ ಡ್ರೈವರ್ ಟಿಪ್ಪುಸಾಬ ನೋಡಿದ. ಬಸ್ಸಿಗೆ ಕಾದವರು, ಕುಂಕುಮ, ಅರಿಶಿನದ ಭಂಡಾರ ಮಾರುವವರು, ಎಲ್ಲರೂ ನೋಡಿದರು. ಆಮೇಲೆ ಪಕ್ಕದವರ ಮುಖ ನೋಡಿದರು. ಪಕ್ಕದವರು ಸುಮ್ಮನಿದ್ದರು. ಹಾಗಾಗಿ ಇವರೂ ಸುಮ್ಮನಿದ್ದರು.

"ಗಂಡ ಹೆಂಡ್ತಿ ಇರಬೇಕ ತಗೋ," ಎಂದ ಟಿಪ್ಪುಸಾಬ, ಗ್ಲಾಸು ಕೆಳಗಿಡದೆ. "ನಾವ್ ನಡಬರ್ಕ ಹೋಗೂದು, ಸಂಜಿಕ ಅವ್ರಿಬ್ರೂ ಒಂದಾಗೂದು. ಪೆಟ್ಟ ಅಷ್ಟ ನಮಗ."

ನೀಲಪ್ಪನ ಲೆಕ್ಕವೂ ಅದೇ. ಮನೆಯ ಜಗಳ ಬೀದಿಗೆ ಬಂದರೂ ಮನೆಯದೇ. ಅವನು ಒಲೆಯ ಕಡೆಗೆ ತಿರುಗಿದ.

"ಚಾದಂಗಡಿ ಅಣ್ಣಾರ!"

ಅವಳು ಮಂದಿಯನ್ನು ಕೂಗಲಿಲ್ಲ. ನೇರ ಅವನನ್ನೇ ಕೂಗಿದಳು.

"ಇವ ಯಾರಂತ ನನಗ ಗೊತ್ತಿಲ್ರೀ! ಬಿಡಸ್ರೀ!"

ನೀಲಪ್ಪನ ಕಣ್ಣು ಮೊದಲು ಅವಳ ಕೊರಳಿಗೆ ಹೋಯಿತು. ತಾಳಿ ಇಲ್ಲ. ಬರಿಗಾಲಿಗೆ ಇಳಿಯಿತು. ಕಾಲುಂಗುರವೂ ಇಲ್ಲ. ಕೆಟಲು ಕುಕ್ಕಿ ಓಡಿದ.

ಅವನು ಓಡಿದ್ದೇ ತಡ, ಇಡೀ ಕ್ರಾಸೇ ಓಡಿತು. ಈವರೆಗೆ ಆ ಕಸುವು ಎಲ್ಲಿ ಅಡಗಿತ್ತೋ! ಒಬ್ಬ ವ್ಯಾನಿನ ಕೀಲಿ ಕಿತ್ತುಕೊಂಡ, ಇಬ್ಬರು ಅವನ ಕೈ ಹಿಂದಕ್ಕೆ ತಿರುವಿದರು. ನೀಲಪ್ಪನ ಮುಷ್ಟಿಯಲ್ಲಿ ಅವನ ಕಾಲರು.

"ಏ ಬಿಡ್ರಿ! ನಾ ಇಕಿ ಗಂಡ ಅದೇನಿ! ಸ್ನೇಹಲ್, ಹೇಳ ಇವ್ರಿಗೆ!"

ಹಿಡಿತಗಳು ಸಡಿಲವಾದವು. ನೀಲಪ್ಪನದೂ. ಎಲ್ಲರೂ ಅವಳ ಕಡೆಗೆ ತಿರುಗಿದರು.

"ನನ್ನ ಹೆಸರು ಅನ್ನಪೂರ್ಣಾ," ಎಂದಳು.

"ಕೇಳ್ದಿ?" ಟಿಪ್ಪುಸಾಬ ಅವನ ತಲೆಗೊಂದು ಮೊಟಕಿದ. "ಹೆಂಡ್ತಿ ಹೆಸರ ಗೊತ್ತಿಲ್ಲದ ಗಂಡ! ಎತ್ತಾಕ್ಕೊಂಡ ಹೋಗಾಂವ ಹೆಸರರ ಸರಿಯಾಗಿ ಕೇಳ್ಕೊಂಡ ಬರಬಾರ್ದೇನೋ?"

"ಫೋನಿನ್ಯಾಗ ಮದವಿ ಫೋಟೋ ಅದಾವ್ರಿ..."

ಫೋನು ಆಗಲೇ ಯಾರದೋ ಕಾಲಡಿ ಚೂರಾಗಿತ್ತು.

"ಪೊಲೀಸರಿಗೆ ಹೇಳೇವಿ ತಂಗಿ, ಬರ್ತಾರ," ಎಂದ ನೀಲಪ್ಪ. "ಕಂಪ್ಲೇಂಟ್ ಬರದ ಕೊಟ್ಟ ಹೋಗು."

"ಧಾರವಾಡದಾಗ ನಮ್ಮಕ್ಕ ಅದಾಳ್ರಿ. ಅಕೀನ್ನ ಕರ್ಕೊಂಡು ಅಲ್ಲೇ ಕೊಡತೇನಿ." ಅವಳು ರಸ್ತೆಯ ತಿರುವನ್ನೇ ನೋಡುತ್ತಿದ್ದಳು. "ನನ್ನ ಬಸ್ ಹೋಗೂತನಕ ಇವನ್ನ ಬಿಡಬ್ಯಾಡ್ರಿ. ಅಷ್ಟ ಮಾಡ್ರಿ ಸಾಕು."

ಸಿಕ್ಕಿಬಿದ್ದವನು ಕೊಸರಾಡಿದ. ಒಮ್ಮೆ ತಪ್ಪಿಸಿಕೊಂಡೇ ಬಿಟ್ಟ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಕೆಡವಿದರು. ಕೆಳಗೆ ಬಿದ್ದಲ್ಲಿಂದಲೇ ಅವಳನ್ನು ನೋಡಿದ ನೋಟಕ್ಕೆ ನೀಲಪ್ಪ ಅವಳಿಗೆ ಅಡ್ಡವಾಗಿ ನಿಂತ.

ಕೊನೆಗೂ ಧಾರವಾಡದ ಬಸ್ಸು ಬಂತು. ನೀಲಪ್ಪ ತಾನೇ ಹತ್ತಿ ಕಿಟಕಿಯ ಸೀಟು ಕೊಡಿಸಿದ. ಬಿದ್ದ ಚಪ್ಪಲಿ ತಂದುಕೊಟ್ಟ. ನೀರಿನ ಬಾಟಲಿ ಕೊಟ್ಟ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತಾಗ ಅವನ ಎದೆ ಒಂದಿಷ್ಟು ಉಬ್ಬಿತ್ತು. ಸುತ್ತಲಿನವರೂ ಅವನನ್ನೇ ನೋಡುತ್ತಿದ್ದರಲ್ಲ!

"ಹೆದರಬ್ಯಾಡವಾ ಅನ್ನಪೂರ್ಣಾ. ಹೆಣ್ಮಗಳು ಒದರಿದ್ರ ಈ ಕ್ರಾಸಿನ ಮಂದಿ ಸುಮ್ಮ ಕುಂದ್ರೂದಿಲ್ಲ."

ಬಸ್ಸು ಜಗ್ಗಿ ಹೊರಟಿತು. ಅವಳು ಕಿಟಕಿಯಿಂದ ಬಾಗಿದಳು.

"ನಾ ಸ್ನೇಹಲ್ ರೀ ಅಣ್ಣಾ. ಹೋದ ಹುಣ್ಣಿವಿಗೆ ಇಲ್ಲೇ, ನಿಮ್ಮ ಅಂಗಡಿ ಮುಂದ, 'ನನ್ನ ಗಂಡ ನನ್ನ ಕೊಲ್ಲಾಕ ಹತ್ಯಾನ್ರಿ, ಬಿಡಸ್ರಿ' ಅಂತ ಖರೇನ ಹೇಳಿ ಒದರಿದ್ದೆ. ನೀವು ಚಾ ಸೋಸಾಕ ಹತ್ತಿದ್ರಿ."